ಒಂದು ಹೆಚ್ಚುವರಿ ಡಿಸ್ಕ್, ಹೊಂದದ ಕನೆಕ್ಟರ್

ಕೊಪ್ಪಳ ಜಿಲ್ಲೆ 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟಾಗ ಅದರಲ್ಲಿದ್ದುದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕೇ ತಾಲ್ಲೂಕುಗಳು. ಕನಕಗಿರಿ, ಕಾರಟಗಿ, ಕುಕನೂರು ತಾಲ್ಲೂಕುಗಳಾದದ್ದು ಅನಂತರದ ಮಾತು. ಜಿಲ್ಲೆ ಹುಟ್ಟಿದ ಕೆಲವೇ ವರ್ಷಗಳಲ್ಲಿ ಕಂದಾಯ ಇಲಾಖೆಯ ‘ಭೂಮಿ’ ಯೋಜನೆ ರಾಜ್ಯದ 177 ತಾಲ್ಲೂಕುಗಳನ್ನು ತಲುಪಿ, ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಒಂದು ಪ್ರತಿಗೆ 15 ರೂಪಾಯಿ ಶುಲ್ಕ ನಿಗದಿಯಾಯಿತು, ಕೈಬರಹದ ಪಹಣಿಯ ಮಾನ್ಯತೆ ಹೋಯಿತು. ಅಂದಿನ ವ್ಯವಸ್ಥೆಯಲ್ಲಿ ಒಂದೊಂದು ತಾಲ್ಲೂಕಿನ ದಾಖಲೆಯೂ ಆಯಾ ತಾಲ್ಲೂಕು ಕಚೇರಿಯಲ್ಲಿಯೇ ಇದ್ದ ಸರ್ವರ್‌ನಲ್ಲಿ, ಅಂದರೆ ಹಲವು ಕಂಪ್ಯೂಟರುಗಳಿಗೆ ಮಾಹಿತಿ ಒದಗಿಸುತ್ತ ಬಿಡುವಿಲ್ಲದೆ ನಡೆಯುವ ದೊಡ್ಡ ಯಂತ್ರದಲ್ಲಿ, ಇರುತ್ತಿತ್ತು. ಹಾಗಾಗಿ ಯಲಬುರ್ಗಾದ ಹೊಲವೊಂದರ ಹಕ್ಕು, ಋಣ, ಬೆಳೆಯ ವಿವರಗಳೆಲ್ಲ ಕೊನೆಗೆ ನಿಂತದ್ದು ಯಲಬುರ್ಗಾದ ಕೋಣೆಯೊಂದರಲ್ಲಿ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಿದ್ದ ಲೋಹದ ತಟ್ಟೆಗಳ ಮೇಲೆ, ಅಂದರೆ ಹಾರ್ಡ್ ಡಿಸ್ಕಿನ ಮೇಲೆ.

ಮುಂದೆ ಈ ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿದ್ದರಿಂದ ಪಹಣಿಯ ಮಟ್ಟಿಗೆ ಡಿಸ್ಕಿನ ಚಿಂತೆ ತಾಲ್ಲೂಕಿನಿಂದ ಇಳಿಯಿತು. ಆದರೆ ಸರ್ವರುಗಳೆಲ್ಲ ರಾಜಧಾನಿಗೆ ಹೋಗಲಿಲ್ಲ. ಗಂಗಾವತಿಯ ಅಕ್ಕಿ ಗಿರಣಿಯ ಲೆಕ್ಕ, ಕುಷ್ಟಗಿಯ ಬಿತ್ತನೆ ಬೀಜದ ವ್ಯಾಪಾರಿಯ ದಾಸ್ತಾನು, ಕಾಲೇಜಿನ ಪರೀಕ್ಷಾ ವಿಭಾಗದ ಅಂಕಪಟ್ಟಿ, ಖಾಸಗಿ ಆಸ್ಪತ್ರೆಯ ಎಕ್ಸ್‌ರೇ ಚಿತ್ರಗಳು, ಪತ್ತಿನ ಸಂಘದ ಖಾತೆ, ಇಂಥವುಗಳಿಗಾಗಿ ಮೇಜಿನ ಕೆಳಗೋ ಗೋಡೆಯ ಮೂಲೆಯಲ್ಲೋ ನಿಲ್ಲಿಸುವ ಸಣ್ಣ ಸರ್ವರುಗಳು ಊರಿನಲ್ಲಿಯೇ ಉಳಿಯುವಂಥವು. ಇವು ಕೊಂಡ ಮೂರನೆಯ ಅಥವಾ ಐದನೆಯ ವರ್ಷಕ್ಕೆ ವಾರಂಟಿ ಮುಗಿದು, ವಾರ್ಷಿಕ ನಿರ್ವಹಣಾ ಒಪ್ಪಂದವೂ ನವೀಕರಣವಾಗದೆ, ಸ್ಥಳೀಯ ತಂತ್ರಜ್ಞನ ಕೈಗೆ ಬರುತ್ತವೆ. ಅಷ್ಟರಲ್ಲಿ ಜಾಗ ಸಾಲದಾಗಿ ಒಂದು ಹೆಚ್ಚುವರಿ ಡಿಸ್ಕ್ ಹಾಕಬೇಕಾಗಿರುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಹತ್ತು ನಿಮಿಷದ ಈ ಕೆಲಸ ಸರ್ವರ್‌ನಲ್ಲಿ ವಾರಗಟ್ಟಲೆ ಕೂರುವುದು ಬಹುಮಟ್ಟಿಗೆ ಒಂದೇ ಕಾರಣಕ್ಕೆ: ಡಿಸ್ಕ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಯಂತ್ರಕ್ಕೆ ಸೇರಿಸುವ ಕನೆಕ್ಟರ್ ಸಿಗುವುದಿಲ್ಲ. ಕನೆಕ್ಟರ್ ಎಂದರೆ ಎರಡು ಭಾಗಗಳ ತಂತಿಗಳನ್ನು ಒಂದಕ್ಕೊಂದು ಕೂಡಿಸುವ ಪಿನ್ನುಗಳ ಜೋಡಿ. ಅದರ ಆಕಾರವನ್ನೂ ಪಿನ್ನುಗಳ ಕ್ರಮವನ್ನೂ ತಯಾರಕರು ಎಲ್ಲರಿಗೂ ಸಾಮಾನ್ಯವಾದ ಮಾನಕಕ್ಕೆ ತಕ್ಕಂತೆ ಮಾಡದೆ ತಮ್ಮ ಯಂತ್ರಕ್ಕಷ್ಟೇ ಹೊಂದುವಂತೆ ಮಾಡಿದಾಗ ಅದು ಆ ಕಂಪನಿಯ ಸ್ವಂತ ಕನೆಕ್ಟರ್ ಆಗುತ್ತದೆ.

ಡಿಸ್ಕುಗಳ ಲೋಕದಲ್ಲಿ ಮಾನಕ ಇಲ್ಲವೆಂದಲ್ಲ, ಒಂದರ ಮೇಲೊಂದು ಬಂದು ಹೋಗಿವೆ. ಐಬಿಎಂ ಕಂಪನಿ 1956ರಲ್ಲಿ ಹೊರತಂದ ಮೊದಲ ಡಿಸ್ಕ್ ಘಟಕದಲ್ಲಿ 24 ಇಂಚು ವ್ಯಾಸದ 50 ತಟ್ಟೆಗಳಿದ್ದು, ಅದು ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ. ಆ ಕಾಲದಲ್ಲಿ ಯಂತ್ರವೂ ಡಿಸ್ಕೂ ಒಂದೇ ಕಾರ್ಖಾನೆಯವಾದ್ದರಿಂದ ಹೊಂದಾಣಿಕೆಯ ಪ್ರಶ್ನೆಯೇ ಏಳುತ್ತಿರಲಿಲ್ಲ. ಡಿಸ್ಕನ್ನು ಒಬ್ಬರು, ಕಂಪ್ಯೂಟರನ್ನು ಇನ್ನೊಬ್ಬರು ತಯಾರಿಸತೊಡಗಿದ ಮೇಲೆ, 1986ರಲ್ಲಿ, ‘ಸ್ಕಸಿ’ ಎಂಬ ಮಾನಕ ಅಮೆರಿಕದಲ್ಲಿ ಅಂಗೀಕಾರವಾಯಿತು. ಅದರ ಕನೆಕ್ಟರ್ ಮೊದಲು 50 ಪಿನ್ನಿನದು, ಬಳಿಕ 68 ಪಿನ್ನಿನದು, ಆಮೇಲೆ ವಿದ್ಯುತ್ತು, ದತ್ತಾಂಶ, ಡಿಸ್ಕಿನ ಕ್ರಮಸಂಖ್ಯೆ ಮೂರನ್ನೂ ಒಂದೇ ಕೂಡಿಗೆಯಲ್ಲಿ ಒಯ್ಯುವ 80 ಪಿನ್ನಿನದು. ಒಂದೇ ಮಾನಕದೊಳಗೆ ಇಷ್ಟು ಆಕಾರಗಳಿದ್ದರೆ ಕೊಳ್ಳುವವನ ಪಾಡೇನು ಎಂದು ಊಹಿಸಬಹುದು. ‘ಭೂಮಿ’ಯ ಮೊದಲ ವರ್ಷಗಳ ಸರ್ವರುಗಳ ಪೀಳಿಗೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿದ್ದುದು ಈ ಸ್ಕಸಿಯೇ.

ಇಂದಿನ ಸಣ್ಣ ಸರ್ವರುಗಳಲ್ಲಿ ಕಾಣಸಿಗುವುದು ಮುಖ್ಯವಾಗಿ ಸಾಟಾ ಮತ್ತು ಸ್ಯಾಸ್ ಎಂಬ ಎರಡು ಬಗೆ. ಮೊದಲನೆಯದು ಮನೆಯ ಕಂಪ್ಯೂಟರಿನಲ್ಲೂ ಇರುವಂಥದು. ಅದರ ಮಾನಕ 2003ರಲ್ಲಿ ಜಾರಿಗೆ ಬಂತು. ಎರಡನೆಯದು ಸ್ಕಸಿಯ ವಂಶದ್ದು, ಸರ್ವರ್‌ಗೆಂದೇ ಮಾಡಿದ್ದು. ಸಾಟಾ ಡಿಸ್ಕಿನ ಹಿಂಬದಿಯನ್ನು ಬೆಳಕಿಗೆ ಹಿಡಿದರೆ ಎರಡು ತೆಳುವಾದ ಪ್ಲಾಸ್ಟಿಕ್ ನಾಲಿಗೆಗಳು ಕಾಣುತ್ತವೆ: ಚಿಕ್ಕದರಲ್ಲಿ ದತ್ತಾಂಶದ 7 ಪಿನ್ನುಗಳು, ಉದ್ದದರಲ್ಲಿ ವಿದ್ಯುತ್ತಿನ 15 ಪಿನ್ನುಗಳು, ನಡುವೆ ಒಂದು ಖಾಲಿ ಸಂದು. ಸ್ಯಾಸ್ ಡಿಸ್ಕಿನಲ್ಲಿ ಆ ಸಂದು ತುಂಬಿಹೋಗಿ, ನಾಲಿಗೆ ಅಖಂಡವಾಗಿ, ಸಂದಿನ ಹಿಂಬದಿಯಲ್ಲಿ ಇನ್ನೂ 7 ಪಿನ್ನುಗಳಿರುತ್ತವೆ. ಈ ಸಣ್ಣ ಭೇದದ ಫಲವಾಗಿ ಸಾಟಾ ಡಿಸ್ಕ್ ಸ್ಯಾಸ್ ಗೂಡಿನಲ್ಲಿ ಕೂರುತ್ತದೆ ಮತ್ತು ಸಾಮಾನ್ಯವಾಗಿ ನಡೆಯುತ್ತದೆ. ಸ್ಯಾಸ್ ಡಿಸ್ಕ್ ಸಾಟಾ ಕೇಬಲ್ಲಿಗೆ ಕೂರುವುದಿಲ್ಲ, ಬಲವಂತದ ಅಡಾಪ್ಟರ್ ಹಾಕಿ ಕೂರಿಸಿದರೂ ಸಾಟಾ ನಿಯಂತ್ರಕಕ್ಕೆ ಅದರ ಭಾಷೆ ತಿಳಿಯುವುದಿಲ್ಲ. ಹಳೆಯ ಸರ್ವರುಗಳಿಂದ ಕಳಚಿದ ಸ್ಯಾಸ್ ಡಿಸ್ಕುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಅಗ್ಗವಾಗಿ ದೊರೆಯುವುದರಿಂದ, ಅವನ್ನು ಸಾಟಾ ಮಾತ್ರ ಇರುವ ಯಂತ್ರಕ್ಕೆಂದು ಕೊಂಡು ತಂದು ಕೈಸುಟ್ಟುಕೊಳ್ಳುವ ಸಂಭವ ಹೆಚ್ಚು.

ಡಿಸ್ಕಿನ ಬದಿಯಲ್ಲಿ ಹೀಗೆ ಮಾನಕವಿರುವಾಗ ಸ್ವಂತ ವಿನ್ಯಾಸ ನುಸುಳುವುದು ಯಂತ್ರದ ಬದಿಯಲ್ಲಿ. ಮೊದಲನೆಯದಾಗಿ ಡಿಸ್ಕನ್ನು ಹಿಡಿದಿಟ್ಟು ಗೂಡಿನೊಳಗೆ ಜಾರಿಸುವ ಚೌಕಟ್ಟು, ತಂತ್ರಜ್ಞರ ಮಾತಿನಲ್ಲಿ ಟ್ರೇ ಅಥವಾ ಕ್ಯಾಡಿ, ಕಂಪನಿಯಿಂದ ಕಂಪನಿಗೆ ಮಾತ್ರವಲ್ಲ, ಒಂದೇ ಕಂಪನಿಯ ಒಂದು ಪೀಳಿಗೆಯಿಂದ ಇನ್ನೊಂದಕ್ಕೂ ಬದಲಾಗುತ್ತದೆ. ಎಂಟು ಗೂಡುಗಳ ಸರ್ವರನ್ನು ಎರಡು ಡಿಸ್ಕಿನೊಡನೆ ಕೊಂಡರೆ ಉಳಿದ ಆರು ಗೂಡುಗಳಲ್ಲಿ ಸಾಮಾನ್ಯವಾಗಿ ಬರುವುದು ಟ್ರೇ ಅಲ್ಲ, ಗಾಳಿಯ ಹರಿವು ಕೆಡದಂತೆ ಬಾಯಿ ಮುಚ್ಚುವ ಪ್ಲಾಸ್ಟಿಕ್ ಮುಚ್ಚಳ. ಹೊರಗಿನಿಂದ ನೋಡಿದವರು ಅದನ್ನೇ ಟ್ರೇ ಎಂದು ತಿಳಿದಿರುತ್ತಾರೆ. ಎರಡನೆಯದು ವಿದ್ಯುತ್ ಸರಬರಾಜು. ಸಾಮಾನ್ಯ ಕಂಪ್ಯೂಟರಿನಲ್ಲಿ ಎಸ್‌ಎಂಪಿಎಸ್‌ನಿಂದ, ಅಂದರೆ ಗೋಡೆಯ 230 ವೋಲ್ಟನ್ನು ಒಳಗಿನ ಸಣ್ಣ ವೋಲ್ಟೇಜುಗಳಿಗೆ ಇಳಿಸುವ ಪೆಟ್ಟಿಗೆಯಿಂದ, ಡಿಸ್ಕಿಗೆ ಹೋಗುವ ತಂತಿಗಳು ನೇರವಾಗಿ ಹೊರಬರುತ್ತವೆ ಮತ್ತು ಎರಡು ಮೂರು ಹೆಚ್ಚುವರಿ ತುದಿಗಳು ಜೋತಾಡುತ್ತಿರುತ್ತವೆ. ಅನೇಕ ಸರ್ವರುಗಳಲ್ಲಿ ಹಾಗಲ್ಲ: ಪೆಟ್ಟಿಗೆಯಿಂದ ಯಂತ್ರದ ಮುಖ್ಯ ಫಲಕವಾದ ಮದರ್‌ಬೋರ್ಡಿಗೆ ಒಂದು ಕಟ್ಟು, ಅಲ್ಲಿಂದ ಸಣ್ಣ ನಾಲ್ಕು, ಆರು ಅಥವಾ ಎಂಟು ಪಿನ್ನಿನ ಕನೆಕ್ಟರ್ ಮೂಲಕ ಡಿಸ್ಕುಗಳಿಗೆ ಇನ್ನೊಂದು ಕಟ್ಟು, ಇದ್ದಷ್ಟೇ ಡಿಸ್ಕುಗಳಿಗೆ ಇದ್ದಷ್ಟೇ ತುದಿ. ಡಿಸ್ಕುಗಳ ಹಿಂದೆ ನಿಲ್ಲುವ ಬ್ಯಾಕ್‌ಪ್ಲೇನ್ ಎಂಬ ಫಲಕ ಇದ್ದರಂತೂ ತಂತಿಗಳೇ ಕಣ್ಣಿಗೆ ಬೀಳುವುದಿಲ್ಲ.

ಇದನ್ನೆಲ್ಲ ಗ್ರಾಹಕನನ್ನು ಕಟ್ಟಿಹಾಕುವ ಸಂಚು ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ನ್ಯಾಯವಲ್ಲ. ತಂತಿಗಳು ಕಡಿಮೆಯಾದಷ್ಟೂ ಗಾಳಿ ಸಲೀಸಾಗಿ ಹರಿಯುತ್ತದೆ. ಬ್ಯಾಕ್‌ಪ್ಲೇನ್ ಇದ್ದರೆ ಯಂತ್ರ ನಡೆಯುತ್ತಿರುವಾಗಲೇ ಕೆಟ್ಟ ಡಿಸ್ಕನ್ನು ಎಳೆದು ಹೊಸದನ್ನು ತಳ್ಳಬಹುದು. ಆದರೂ ಈ ಅನುಕೂಲಗಳ ಬೆಲೆ ಎಲ್ಲ ಊರಿಗೂ ಒಂದೇ ಅಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಸುತ್ತಿ ಹಳೆಯ ಟ್ರೇ ಹುಡುಕಬಲ್ಲವನಿಗೆ ಅದು ಅರ್ಧ ದಿನದ ಕೆಲಸ. ಬಿಡಿಭಾಗಕ್ಕೆ ಹುಬ್ಬಳ್ಳಿಯನ್ನೋ ಬಳ್ಳಾರಿಯನ್ನೋ ನೆಚ್ಚುವ ಕುಷ್ಟಗಿಯವನಿಗೆ, ಅಲ್ಲಿಯೂ ಸಿಗದೆ ಕೊರಿಯರ್‌ನಲ್ಲಿ ತರಿಸಿ, ಬಂದದ್ದು ಬೇರೆ ಪೀಳಿಗೆಯದೆಂದು ತಿಳಿದು ಹಿಂದಿರುಗಿಸುವವರೆಗೆ ತಿಂಗಳೇ ಕಳೆಯಬಹುದು.

ಕೂಡದ ಕನೆಕ್ಟರ್ ಬೇಸರ ತರಿಸುತ್ತದೆ, ಅಷ್ಟೇ. ಹೆಚ್ಚು ಅಪಾಯಕಾರಿಯಾದದ್ದು ಆಕಾರದಲ್ಲಿ ಕೂಡಿ ಒಳಗಿನ ಕ್ರಮದಲ್ಲಿ ಕೂಡದ ಕನೆಕ್ಟರ್. ಇದಕ್ಕೆ ಹೆಸರಾಂತ ನಿದರ್ಶನ 1998ರ ಆಸುಪಾಸಿನಿಂದ ಕೆಲವು ವರ್ಷ ಡೆಲ್ ಕಂಪನಿಯ ಅನೇಕ ಕಂಪ್ಯೂಟರುಗಳಲ್ಲಿದ್ದ ಎಸ್‌ಎಂಪಿಎಸ್ ಕನೆಕ್ಟರ್: ನೋಡಲು ಮಾರುಕಟ್ಟೆಯ ಇತರ ಕಂಪ್ಯೂಟರುಗಳ 20 ಪಿನ್ನಿನ ಕನೆಕ್ಟರಿನಂತೆಯೇ ಇದ್ದು, ಅದೇ ಜಾಗದಲ್ಲಿ ತೊಡಕಿಲ್ಲದೆ ಕೂರುತ್ತಿತ್ತು, ಆದರೆ ಒಳಗಿನ ವೋಲ್ಟೇಜುಗಳ ಸ್ಥಾನ ಬೇರೆಯಾಗಿತ್ತು. ಅಂಗಡಿಯಿಂದ ಸಾಮಾನ್ಯ ಎಸ್‌ಎಂಪಿಎಸ್ ತಂದು ಅದಕ್ಕೆ ಸೇರಿಸಿದರೆ ಮದರ್‌ಬೋರ್ಡೋ ಎಸ್‌ಎಂಪಿಎಸ್ಸೋ ಸುಟ್ಟುಹೋಗುವ ಸಂಭವವಿತ್ತು. ಆಪಲ್ ಕಂಪನಿಯ 2009ರ ನಂತರದ ಕೆಲವು ಐಮ್ಯಾಕ್‌ಗಳದು ಇನ್ನೊಂದು ಬಗೆ. ಅಲ್ಲಿ ಡಿಸ್ಕಿನ ಉಷ್ಣತೆಯ ಸೂಚನೆಯನ್ನು ಹೊರಗೆ ತರುವ ತಂತಿಯೂ ಕಂಪನಿಯದೇ ಕ್ರಮದಲ್ಲಿದ್ದುದರಿಂದ, ಬೇರೆ ಡಿಸ್ಕ್ ಹಾಕಿದರೆ ಉಷ್ಣತೆ ತಿಳಿಯದ ಯಂತ್ರ ಫ್ಯಾನುಗಳನ್ನು ಪೂರ್ಣ ವೇಗದಲ್ಲಿ ಓಡಿಸತೊಡಗುತ್ತಿತ್ತು.

ಆದ್ದರಿಂದ ಸ್ವಂತ ವಿನ್ಯಾಸದ ಕನೆಕ್ಟರಿನ ಮುಂದೆ ಕುಳಿತವನಿಗೆ ಬೇಕಾದ ಮೊದಲ ಉಪಕರಣ ಸ್ಕ್ರೂಡ್ರೈವರ್ ಅಲ್ಲ, ವೋಲ್ಟೇಜನ್ನೂ ತಂತಿಗಳ ಸಂಪರ್ಕವನ್ನೂ ಪರೀಕ್ಷಿಸುವ ಮಲ್ಟಿಮೀಟರ್. ಸರ್ವರ್‌ನಲ್ಲಿ ಈಗಾಗಲೇ ಒಂದು ಡಿಸ್ಕ್ ನಡೆಯುತ್ತಿದೆ ಎಂಬುದೇ ಇಲ್ಲಿ ದೊಡ್ಡ ಆಧಾರ. ಆ ಡಿಸ್ಕಿಗೆ ಹೋಗುವ ಕೇಬಲ್ಲಿನ ಒಂದು ತುದಿ ಕಂಪನಿಯ ಸ್ವಂತದ್ದಾದರೂ ಇನ್ನೊಂದು ತುದಿ ಡಿಸ್ಕಿಗೆ ಕೂರಬೇಕಾದ್ದರಿಂದ ಮಾನಕದ್ದೇ ಆಗಿರುತ್ತದೆ, ಮತ್ತು ಸಾಟಾ ವಿದ್ಯುತ್ ತುದಿಯ 15 ಪಿನ್ನುಗಳ ಕ್ರಮ ಎಲ್ಲೆಡೆ ಒಂದೇ: 1ರಿಂದ 3 ಮೂರು ಪಾಯಿಂಟ್ ಮೂರು ವೋಲ್ಟ್, 4ರಿಂದ 6 ಗ್ರೌಂಡ್ ಅಂದರೆ ವಿದ್ಯುತ್ತು ಮರಳುವ ದಾರಿ, 7ರಿಂದ 9 ಐದು ವೋಲ್ಟ್, 10 ಮತ್ತು 12 ಗ್ರೌಂಡ್, ನಡುವಿನ 11 ವಿಶೇಷ ಸಂಕೇತಕ್ಕೆ ಮೀಸಲು, 13ರಿಂದ 15 ಹನ್ನೆರಡು ವೋಲ್ಟ್. ಯಂತ್ರವನ್ನು ಆರಿಸಿ, ಗೋಡೆಯಿಂದ ಪ್ಲಗ್ ಕಿತ್ತು, ಕೆಪಾಸಿಟರುಗಳಲ್ಲಿ ಉಳಿದ ವಿದ್ಯುತ್ತು ಇಳಿಯಲು ಕೆಲವು ನಿಮಿಷ ಬಿಟ್ಟು, ಕೇಬಲ್ಲನ್ನು ಪೂರ್ತಿ ಹೊರತೆಗೆದು, ಮೀಟರನ್ನು ಬೀಪ್ ಸದ್ದಿನ ಸ್ಥಾನಕ್ಕೆ ತಿರುಗಿಸಿ, ಒಂದು ಕಡ್ಡಿಯನ್ನು ಕಂಪನಿಯ ತುದಿಯ ಒಂದೊಂದು ಪಿನ್ನಿಗೂ ಇನ್ನೊಂದನ್ನು ಸಾಟಾ ತುದಿಯ ಒಂದೊಂದು ಪಿನ್ನಿಗೂ ಮುಟ್ಟಿಸುತ್ತ ಹೋದರೆ, ಯಾವುದು ಯಾವುದಕ್ಕೆ ಸೇರಿದೆ ಎಂಬ ನಕ್ಷೆ ಕಾಗದದ ಮೇಲೆ ತಾನಾಗಿ ಮೂಡುತ್ತದೆ. ಸಾಟಾ ತುದಿಯ ಸೀಳುಗಳು ಮೀಟರಿನ ಕಡ್ಡಿಗಿಂತ ಕಿರಿದಾದ್ದರಿಂದ ತೆಳುವಾದ ಹೊಲಿಗೆ ಸೂಜಿಯೊಂದನ್ನು ಕಡ್ಡಿಗೆ ಆನಿಸಿ ಬಳಸಬೇಕಾಗುತ್ತದೆ.

ತಂತಿಯ ಬಣ್ಣವನ್ನು ನಂಬಿ ಈ ಕೆಲಸವನ್ನು ಬಿಡುವವರು ಬಹಳ. ಹಳದಿ ಹನ್ನೆರಡು ವೋಲ್ಟು, ಕೆಂಪು ಐದು, ಕಿತ್ತಳೆ ಮೂರು ಪಾಯಿಂಟ್ ಮೂರು, ಕಪ್ಪು ಗ್ರೌಂಡ್ ಎಂಬ ವಾಡಿಕೆ ಸಾಮಾನ್ಯ ಎಸ್‌ಎಂಪಿಎಸ್‌ಗಳಲ್ಲಿ ನಿಜ. ಕಂಪನಿಯ ಸ್ವಂತ ಕೇಬಲ್ಲುಗಳಲ್ಲಿ ಎಲ್ಲ ತಂತಿಗಳೂ ಕಪ್ಪಾಗಿರುವುದುಂಟು. ನಕ್ಷೆ ಸಿದ್ಧವಾದ ಮೇಲೆ, ಡಿಸ್ಕ್ ಜೋಡಿಸದೆಯೇ ಯಂತ್ರವನ್ನು ಹಚ್ಚಿ ವೋಲ್ಟೇಜ್ ಅಳೆಯುವುದು ಎರಡನೆಯ ಹೆಜ್ಜೆ: ಐದರ ಜಾಗದಲ್ಲಿ 4.75ರಿಂದ 5.25, ಹನ್ನೆರಡರ ಜಾಗದಲ್ಲಿ 11.4ರಿಂದ 12.6ರ ನಡುವೆ ಸಂಖ್ಯೆ ನಿಂತರೆ ಸರಿ. ಇವೆರಡು ಅದಲುಬದಲಾಗಿ ಹನ್ನೆರಡು ವೋಲ್ಟು ಐದರ ದಾರಿಯಲ್ಲಿ ಹೊಕ್ಕರೆ ಡಿಸ್ಕಿನ ಫಲಕದ ಮೇಲಿರುವ ಟಿವಿಎಸ್ ಡಯೋಡ್ ಎಂಬ ಕಾವಲಿನ ಬಿಡಿಭಾಗ ತಾನು ಸುಟ್ಟು ಉಳಿದುದನ್ನು ಉಳಿಸಲು ಯತ್ನಿಸುತ್ತದೆ. ಅದು ಪ್ರತಿ ಸಲವೂ ಗೆಲ್ಲುವುದಿಲ್ಲ. ಒಣ ಹವೆಯ ತಿಂಗಳುಗಳಲ್ಲಿ ಮೈಮೇಲೆ ಸೇರುವ ಸ್ಥಿರವಿದ್ಯುತ್ತೂ ಫಲಕಕ್ಕೆ ಶತ್ರು, ಆದ್ದರಿಂದ ಡಿಸ್ಕ್ ಮುಟ್ಟುವ ಮೊದಲು ಯಂತ್ರದ ಬಣ್ಣವಿಲ್ಲದ ಲೋಹದ ಮೈಯನ್ನು ಮುಟ್ಟುವುದು ಒಳ್ಳೆಯದು.

ದಾರಿ ತಿಳಿದ ಮೇಲೆ ಕೇಳಬೇಕಾದ ಪ್ರಶ್ನೆ ಆ ದಾರಿ ಎಷ್ಟು ಭಾರ ಹೊರುತ್ತದೆ ಎಂಬುದು. ಮೂರೂವರೆ ಇಂಚಿನ ಡಿಸ್ಕ್ ನಿಂತಲ್ಲಿಂದ ತಿರುಗಲು ಆರಂಭಿಸುವ ಕೆಲವು ಸೆಕೆಂಡುಗಳಲ್ಲಿ ಹನ್ನೆರಡು ವೋಲ್ಟಿನ ದಾರಿಯಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ತಿರುಗತೊಡಗಿದ ಮೇಲೆ ಅದರ ಹಸಿವು ಬಹಳ ಇಳಿಯುತ್ತದೆ. ಸಾಟಾ ತುದಿಯ ಒಂದು ಪಿನ್ನಿಗೆ 1.5 ಆಂಪಿಯರ್ ಮಿತಿ ಇರುವುದರಿಂದ ಮೂರು ಪಿನ್ನುಗಳಿಗೆ ಒಟ್ಟು 4.5, ಅಂದರೆ ಒಂದು ತುದಿಯನ್ನು ಕವಲೊಡೆಸುವ ಕೇಬಲ್ಲಿನಿಂದ ಎರಡು ಡಿಸ್ಕುಗಳನ್ನು ನಡೆಸಿದರೆ ಆರಂಭದ ಕ್ಷಣದಲ್ಲಿ 4 ಆಂಪಿಯರ್ ತಲುಪಿ ಮಿತಿಯ ಅಂಚಿನಲ್ಲಿ ನಿಲ್ಲುತ್ತದೆ, ಮೂರಕ್ಕೆ ಕವಲೊಡೆಸಿದರೆ ಮಿತಿ ಮೀರುತ್ತದೆ. ಮದರ್‌ಬೋರ್ಡಿನಿಂದ ಹೊರಡುವ ಸಣ್ಣ ಕನೆಕ್ಟರುಗಳಿಗೆ ಇದಕ್ಕೂ ಕಡಿಮೆ ಮಿತಿ ಇರಬಹುದು, ಅದನ್ನು ಯಂತ್ರದ ಕೈಪಿಡಿಯಲ್ಲಿಯೇ ನೋಡಬೇಕು. ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿ ಆದರೆ ಈ ತೊಡಕು ಬಹುಮಟ್ಟಿಗೆ ಇಲ್ಲ. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಸಾಮಾನ್ಯವಾಗಿ ಐದು ವೋಲ್ಟಿನಿಂದಲೇ, ಅಲ್ಪ ವಿದ್ಯುತ್ತಿನಲ್ಲಿ ನಡೆಯುತ್ತದೆ.

ಎಚ್‌ಪಿ ಕಂಪನಿಯ ಎಂಟನೆಯ ಪೀಳಿಗೆಯ ಮೈಕ್ರೊಸರ್ವರ್ ಹೀಗೆ ಸಣ್ಣ ಕನೆಕ್ಟರಿನಿಂದ ಎಸ್‌ಎಸ್‌ಡಿ ನಡೆಸುವ ಜೋಡಣೆಗೆ ಹೆಸರಾದ ಯಂತ್ರ. ಅದರಲ್ಲಿ ನಾಲ್ಕು ಗೂಡುಗಳಿಗೆ ನಾಲ್ಕು ಡಿಸ್ಕ್. ಐದನೆಯ ಸಾಟಾ ದಾರಿಯೊಂದು ಸಿಡಿ ಡ್ರೈವಿಗೆಂದು ಮೇಲ್ಭಾಗದಲ್ಲಿದ್ದು, ಅದಕ್ಕೆ ವಿದ್ಯುತ್ತು ಬರುವುದು ಹಿಂದೆ ಫ್ಲಾಪಿ ಡ್ರೈವಿಗೆ ಬಳಸುತ್ತಿದ್ದ ಸಣ್ಣ ನಾಲ್ಕು ಪಿನ್ನಿನ ಕನೆಕ್ಟರಿನಿಂದ. ಫ್ಲಾಪಿಯ ತುದಿಯಿಂದ ಸಾಟಾ ತುದಿಗೆ ಬದಲಿಸುವ ಅಗ್ಗದ ಕೇಬಲ್ಲೊಂದರಿಂದ ಅಲ್ಲಿ ಎಸ್‌ಎಸ್‌ಡಿ ಕೂರಿಸಿ, ಸರ್ವರ್‌ನ ಆಪರೇಟಿಂಗ್ ಸಿಸ್ಟಮನ್ನು ಅದಕ್ಕೆ ಸಾಗಿಸಿ, ನಾಲ್ಕು ಗೂಡುಗಳನ್ನು ಪೂರ್ತಿಯಾಗಿ ದತ್ತಾಂಶಕ್ಕೆ ಬಿಟ್ಟುಕೊಟ್ಟವರು ಜಗತ್ತಿನಾದ್ಯಂತ ಇದ್ದಾರೆ. ಅಡಾಪ್ಟರುಗಳ ವಿಷಯದಲ್ಲಿ ಒಂದು ಎಚ್ಚರ ಅವಶ್ಯ: ಪ್ಲಾಸ್ಟಿಕ್ಕನ್ನು ಕರಗಿಸಿ ತಂತಿಗಳ ಸುತ್ತ ಎರಕ ಹೊಯ್ದ ತುದಿಯಲ್ಲಿ ತಂತಿಗಳು ಒಳಗೇ ಒಂದಕ್ಕೊಂದು ತಾಗಿ ಹೊತ್ತಿಕೊಂಡ ಪ್ರಸಂಗಗಳಿರುವುದರಿಂದ, ಒಂದೊಂದು ಪಿನ್ನನ್ನೂ ಬಿಡಿಬಿಡಿಯಾಗಿ ಒತ್ತಿ ಕೂರಿಸಿದ ತುದಿಯೇ ಲೇಸು. ಬೆಲೆಯ ವ್ಯತ್ಯಾಸ ದೊಡ್ಡದೇನಲ್ಲ. ಸಣ್ಣ ಊರಿನ ಅಂಗಡಿಯಲ್ಲಿ ಎರಡೂ ಸಿಗುವುದು ಕಷ್ಟ ಎಂಬುದಷ್ಟೇ ತೊಡಕು.

ಎಲ್ಲ ತಂತಿಯೂ ಸರಿಯಿದ್ದು ಹೊಸ ಡಿಸ್ಕ್ ತಿರುಗದೆ ಮೌನವಾಗಿ ಕೂತರೆ ತಂತ್ರಜ್ಞ ಡಿಸ್ಕನ್ನೇ ಸಂಶಯಿಸುವುದು ಸಹಜ. ಕಾರಣ ಬೇರೆಯಿರಬಹುದು. ಸಾಟಾ ಮಾನಕದ 2016ರ ಪರಿಷ್ಕರಣೆಯಲ್ಲಿ ವಿದ್ಯುತ್ ತುದಿಯ 3ನೆಯ ಪಿನ್ನಿಗೆ ಹೊಸ ಕೆಲಸ ಬಂತು: ಅಲ್ಲಿ ವೋಲ್ಟೇಜ್ ಇದ್ದರೆ ಡಿಸ್ಕ್ ತನ್ನನ್ನು ಆರಿಸಿಕೊಳ್ಳಬೇಕು. ದೂರದಿಂದಲೇ ಡಿಸ್ಕನ್ನು ಆರಿಸಿ ಮತ್ತೆ ಹಚ್ಚಲು ದೊಡ್ಡ ದತ್ತಾಂಶ ಕೇಂದ್ರಗಳಿಗೆ ಇದು ಅನುಕೂಲ. ಆದರೆ ಹಳೆಯ ಯಂತ್ರಗಳು ಅದೇ ಪಿನ್ನಿಗೆ ಸದಾ 3.3 ವೋಲ್ಟ್ ಹರಿಸುತ್ತಿರುವುದರಿಂದ ಈ ಸೌಲಭ್ಯವಿರುವ ಹೊಸ ಡಿಸ್ಕ್ ಅಲ್ಲಿ ಏಳುವುದೇ ಇಲ್ಲ. ಉಷ್ಣ ತಡೆಯುವ ತೆಳುವಾದ ಟೇಪಿನ ಚೂರಿನಿಂದ ಡಿಸ್ಕಿನ ಮೊದಲ ಮೂರು ಪಿನ್ನುಗಳನ್ನು ಮುಚ್ಚಿದರೆ, ಅಥವಾ 3.3 ವೋಲ್ಟಿನ ತಂತಿಯೇ ಇಲ್ಲದ ಅಡಾಪ್ಟರ್ ಬಳಸಿದರೆ, ತೊಡಕು ಪರಿಹಾರವಾಗುತ್ತದೆ. ಸ್ಕ್ರೂಗಳದೂ ಸಣ್ಣದೊಂದು ಕಿರಿಕಿರಿ: ಮೂರೂವರೆ ಇಂಚಿನ ಡಿಸ್ಕಿನ ಸ್ಕ್ರೂ ಎರಡೂವರೆ ಇಂಚಿನದಕ್ಕೆ ಹೊಂದುವುದಿಲ್ಲ, ಹೆಚ್ಚಿನ ಸಾಮರ್ಥ್ಯದ ಕೆಲವು ಹೊಸ ಡಿಸ್ಕುಗಳಲ್ಲಿ ತಳದ ನಡುವಿನ ತೂತುಗಳನ್ನು ಕೈಬಿಟ್ಟಿರುವುದರಿಂದ ಹಳೆಯ ಟ್ರೇಗೆ ಎರಡೇ ಸ್ಕ್ರೂ ಹಿಡಿಯುತ್ತವೆ.

ಇಷ್ಟಾದರೂ ಯಂತ್ರ ಡಿಸ್ಕನ್ನು ಒಪ್ಪಬೇಕು. ಹಲವು ಡಿಸ್ಕುಗಳನ್ನು ಒಂದಾಗಿ ನಡೆಸುವ ನಿಯಂತ್ರಕ ಕಾರ್ಡಿನಲ್ಲಿ ಫರ್ಮ್‌ವೇರ್, ಅಂದರೆ ಯಂತ್ರದ ಭಾಗದೊಳಗೇ ಬರೆದಿಟ್ಟ ಸೂಚನೆಗಳು, ಇರುತ್ತವೆ. ಡಿಸ್ಕ್ ತಮ್ಮ ಕಂಪನಿಯ ಪಟ್ಟಿಯಲ್ಲಿದೆಯೇ ಎಂದು ಅವು ಪರೀಕ್ಷಿಸಬಲ್ಲವು. ಡೆಲ್ ಕಂಪನಿ 2010ರ ಆರಂಭದಲ್ಲಿ ತನ್ನ ಹೊಸ ನಿಯಂತ್ರಕಗಳಲ್ಲಿ ಬೇರೆ ಡಿಸ್ಕುಗಳಿಗೆ ಬಾಗಿಲು ಮುಚ್ಚಿತು. ಗ್ರಾಹಕರ ಅಸಮಾಧಾನ ಜೋರಾಗಿ, ಅದೇ ವರ್ಷದ ಏಪ್ರಿಲ್‌ನಲ್ಲಿ ಹೊಸ ಫರ್ಮ್‌ವೇರ್ ನೀಡಿ ನಿರ್ಬಂಧ ತೆರವು ಮಾಡಿತು. ಕಣ್ಣಿಗೆ ಕಾಣುವ ಕನೆಕ್ಟರಿಗಿಂತ ಈ ಕಾಣದ ಕನೆಕ್ಟರ್ ಬಿಗಿಯಾದದ್ದು, ಇದಕ್ಕೆ ಅಡಾಪ್ಟರ್ ಇಲ್ಲ. ಹಳೆಯ ನಿಯಂತ್ರಕಗಳಿಗೆ ಎಣಿಕೆಯ ಮಿತಿಯೂ ಉಂಟು: 512 ಬೈಟುಗಳ ತುಂಡುಗಳನ್ನು 32 ಅಂಕಿಗಳ ದ್ವಿಮಾನ ಸಂಖ್ಯೆಯಲ್ಲಿ ಎಣಿಸುವ ಕಾರ್ಡಿಗೆ ಸುಮಾರು 2.2 ಟೆರಾಬೈಟಿನ ಆಚೆ ಏನೂ ಕಾಣದು, ಅದಕ್ಕೆ 4 ಟೆರಾಬೈಟಿನ ಡಿಸ್ಕ್ ಹಾಕುವುದು ದುಡ್ಡು ದಂಡ. ದೊಡ್ಡ ಸಂಗ್ರಹ ಯಂತ್ರಗಳಿಂದ ಕಳಚಿದ ಕೆಲವು ಸ್ಯಾಸ್ ಡಿಸ್ಕುಗಳಲ್ಲಿ ತುಂಡಿನ ಗಾತ್ರ 520 ಬೈಟ್ ಇರುವುದರಿಂದ ಅವನ್ನು ಮೊದಲು 512ಕ್ಕೆ ಮರುರೂಪಿಸದೆ ಸಾಮಾನ್ಯ ಸರ್ವರ್ ಬಳಸಲಾರದು.

ಹೆಚ್ಚುವರಿ ಡಿಸ್ಕನ್ನು ಹಲವರು ಹಾಕುವುದು ಜಾಗಕ್ಕಾಗಿ. ಕೆಲವರು ಹಾಕುವುದು ಭದ್ರತೆಗಾಗಿ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ 1988ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ‘ರೇಡ್’ ಎಂಬ ಪದ್ಧತಿಗೆ ಹೆಸರು ಬಂತು: ಹಲವು ಅಗ್ಗದ ಡಿಸ್ಕುಗಳಲ್ಲಿ ಮಾಹಿತಿಯನ್ನು ಹಂಚಿ, ಒಂದು ಕೆಟ್ಟರೂ ಉಳಿದವುಗಳಿಂದ ಅದನ್ನು ಮರಳಿ ಕಟ್ಟಬಹುದಾದಂತೆ ಇಡುವುದು. ಹೊಸ ಡಿಸ್ಕ್ ಹಳೆಯದಕ್ಕಿಂತ ಒಂದು ತುಂಡಿನಷ್ಟು ಕಿರಿದಾದರೂ ರೇಡ್ ಅದನ್ನು ತಿರಸ್ಕರಿಸಬಹುದು. ಸ್ವೀಕರಿಸಿದರೆ ಮರುನಿರ್ಮಾಣ ಆರಂಭ. ಸೆಕೆಂಡಿಗೆ 150 ಮೆಗಾಬೈಟಿನ ವೇಗ ಒಂದೇ ಸಮನೆ ಉಳಿದರೂ 4 ಟೆರಾಬೈಟಿಗೆ ಸುಮಾರು ಏಳೂವರೆ ಗಂಟೆ ಬೇಕು, ಕೆಲಸದ ನಡುವೆ ನಡೆದರೆ ಅದರ ಹಲವು ಪಟ್ಟು. ಆ ಹೊತ್ತಿನಲ್ಲಿ ಉಳಿದ ಡಿಸ್ಕುಗಳೆಲ್ಲ ಆದಿಯಿಂದ ಅಂತ್ಯದವರೆಗೆ ಓದಲ್ಪಡುವುದರಿಂದ, ಅವುಗಳಲ್ಲಿ ಅಡಗಿದ್ದ ದೋಷ ಹೊರಬೀಳುವುದೂ ಆಗಲೇ. ಏಪ್ರಿಲ್, ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ದಾಟುವ, ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದ ಊರಿನಲ್ಲಿ ಇದನ್ನು ಹಗಲು ಆರಂಭಿಸುವುದು ಜಾಣತನವಲ್ಲ. ಅನೇಕ ಸರ್ವರುಗಳನ್ನು 35 ಡಿಗ್ರಿವರೆಗಿನ ಕೋಣೆಗೆಂದು ರೂಪಿಸಲಾಗಿರುತ್ತದೆ; ಗೂಡು ಸಿಗದೆ ಹೆಚ್ಚುವರಿ ಡಿಸ್ಕನ್ನು ಗಾಳಿಯ ಹಾದಿಯಿಂದ ಹೊರಗೆ, ಸಿಡಿ ಡ್ರೈವಿನ ಖಾಲಿ ಜಾಗದಲ್ಲಿ ಸಿಕ್ಕಿಸಿದ್ದರೆ ಅದು ಉಳಿದವುಗಳಿಗಿಂತ ಬಿಸಿಯಾಗಿಯೇ ಇರುತ್ತದೆ. ಮೊದಲ ಕೆಲವು ದಿನ ಅದರ ಉಷ್ಣತೆಯನ್ನು ಡಿಸ್ಕಿನದೇ ಸ್ಮಾರ್ಟ್ ಎಂಬ ಸ್ವಯಂ-ವರದಿಯಲ್ಲಿ ನೋಡುತ್ತಿರಬೇಕು. ಯುಪಿಎಸ್ ಬ್ಯಾಟರಿ ಮರುನಿರ್ಮಾಣದ ಪೂರ್ತಿ ಅವಧಿಗೆ ಬಾಳಬೇಕೆಂದೇನಿಲ್ಲ, ಜನರೇಟರ್ ಹಚ್ಚುವವರೆಗೆ ಅಥವಾ ಯಂತ್ರ ಕ್ರಮವಾಗಿ ಮುಚ್ಚಿಕೊಳ್ಳುವವರೆಗೆ ಬಾಳಿದರೂ ಸಾಕು. ರೇಡ್ ಇದೆಯೆಂದು ಬ್ಯಾಕಪ್ ಬಿಡುವುದು ಬೇರೆಯೇ ಬಗೆಯ ದುಸ್ಸಾಹಸ; ಪೂರ್ಣ ಪ್ರತಿಯೊಂದು ಬೇರೆ ಯಂತ್ರದಲ್ಲಿ ಇದೆಯೆಂದು ಖಚಿತವಾಗದೆ ಹಳೆಯ ಡಿಸ್ಕುಗಳ ಒಂದು ಸ್ಕ್ರೂ ಕೂಡ ಬಿಚ್ಚಬಾರದು.

ಬಿಡಿಭಾಗ, ದುರಸ್ತಿಗಳ ಈ ತೊಡಕಿನತ್ತ ಕಾನೂನು ನಿಧಾನವಾಗಿ ಹೊರಳುತ್ತಿದೆ. ಐರೋಪ್ಯ ಒಕ್ಕೂಟ 2019ರಲ್ಲಿ ಹೊರಡಿಸಿದ, 2020ರ ಮಾರ್ಚ್‌ನಿಂದ ಜಾರಿಯಾದ ನಿಯಮದ ಪ್ರಕಾರ ಸರ್ವರುಗಳ ಜೋಡಣೆಯ ವಿಧಾನ ಡಿಸ್ಕು, ಮೆಮೊರಿ, ವಿದ್ಯುತ್ ಘಟಕಗಳನ್ನು ದುರಸ್ತಿಗಾಗಿ ಬಿಚ್ಚಲು ಅಡ್ಡಿಯಾಗಕೂಡದು, ಫರ್ಮ್‌ವೇರ್ ವರ್ಷಗಳವರೆಗೆ ದೊರೆಯುತ್ತಿರಬೇಕು. ಆದರೆ ಕನೆಕ್ಟರ್ ಮಾನಕದ್ದೇ ಆಗಿರಬೇಕೆಂದು ಅದು ವಿಧಿಸಿಲ್ಲ. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ಬಿಡಿಭಾಗ ಮತ್ತು ದುರಸ್ತಿಯ ಮಾಹಿತಿಗಾಗಿ ಜಾಲತಾಣ ತೆರೆಯಿತು. ಅದರ ಗಮನ ಕೃಷಿ ಉಪಕರಣ, ಮೊಬೈಲು, ಗೃಹಬಳಕೆಯ ವಸ್ತು, ವಾಹನಗಳ ಕಡೆಗೆ, ಸರ್ವರಿನ ಕಡೆಗಲ್ಲ. ಹಾಗಿರುವಾಗ ತಾಲ್ಲೂಕು ಮಟ್ಟದ ಸಂಸ್ಥೆಗೆ ನಿಜವಾದ ಶಕ್ತಿ ಇರುವುದು ಕೊಳ್ಳುವ ದಿನ ಮಾತ್ರ. ಟೆಂಡರಿನಲ್ಲಿ ಪ್ರೊಸೆಸರಿನ ವೇಗ, ಮೆಮೊರಿಯ ಗಾತ್ರಗಳನ್ನು ಅಚ್ಚುಕಟ್ಟಾಗಿ ಬರೆಯುವವರು ‘ಎಲ್ಲ ಖಾಲಿ ಗೂಡುಗಳಿಗೂ ಟ್ರೇ, ಸ್ಕ್ರೂ, ವಿದ್ಯುತ್ ಮತ್ತು ದತ್ತಾಂಶದ ಕೇಬಲ್ ಸಹಿತ’ ಎಂಬ ಒಂದು ಸಾಲನ್ನು ಬರೆಯುವುದಿಲ್ಲ; ಹೊಸ ಯಂತ್ರದೊಡನೆ ಚೌಕಾಸಿಯಲ್ಲಿ ಬಂದುಬಿಡುವ ಈ ಸಾಮಗ್ರಿಗೆ ಐದು ವರ್ಷದ ಬಳಿಕ, ಆ ಮಾದರಿಯೇ ನಿಂತುಹೋದ ಮೇಲೆ, ಡಿಸ್ಕಿನ ಬೆಲೆಗೆ ಸಮನಾದ ಹಣ ತೆರಬೇಕಾಗಿ ಬರುವುದುಂಟು.

ಕಳಚಿ ತೆಗೆದ ಹಳೆಯ ಡಿಸ್ಕಿನ ಪಾಡು ಕಡೆಯ ವಿಷಯ. ಅಳಿಸಿದ ಕಡತ ಡಿಸ್ಕಿನಿಂದ ಹೋಗಿರುವುದಿಲ್ಲ, ಅದರ ಹೆಸರು ಸೂಚಿಯಿಂದ ಹೋಗಿರುತ್ತದೆ ಅಷ್ಟೇ. ಪತ್ತಿನ ಸಂಘದ ಖಾತೆಯೂ ರೋಗಿಯ ವಿವರವೂ ಗುಜರಿಗೆ ಹೋದ ಡಿಸ್ಕಿನಲ್ಲಿ ಓದಲು ಬರುವಂತೆಯೇ ಉಳಿದಿರುತ್ತವೆ. ನಡೆಯುವ ಸ್ಥಿತಿಯಲ್ಲಿದ್ದರೆ ಮೊದಲಿನಿಂದ ಕೊನೆಯವರೆಗೆ ಸೊನ್ನೆಗಳನ್ನು ಬರೆದು, ನಡೆಯದಿದ್ದರೆ ತಟ್ಟೆಗಳಿಗೆ ತೂತು ಕೊರೆದು, 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಬೇಕು. ಒಪ್ಪಿಸುವ ಮುನ್ನ ಅದರ ಟ್ರೇಯನ್ನೂ ನಾಲ್ಕು ಸ್ಕ್ರೂಗಳನ್ನೂ ಬಿಚ್ಚಿಕೊಂಡು, ಕೇಬಲ್ಲಿನ ಪಿನ್ನುಗಳ ನಕ್ಷೆ ಬರೆದ ಕಾಗದದೊಡನೆ ಒಂದು ಲಕೋಟೆಯಲ್ಲಿ ಹಾಕಿ, ಲಕೋಟೆಯ ಮೇಲೆ ಸರ್ವರ್‌ನ ಮಾದರಿ ಸಂಖ್ಯೆ ಬರೆದು, ಸರ್ವರ್‌ನ ಮುಚ್ಚಳದ ಒಳಬದಿಗೆ ಅಂಟಿಸಿಡುವ ಪದ್ಧತಿ ಕೆಲವು ಅನುಭವಿ ತಂತ್ರಜ್ಞರಲ್ಲಿದೆ.